ಕದ್ದ ಮಾಲು ಅಂಗಡಿಗೆ ಬಂದರೆ: ಒಬ್ಬ ಗುಜರಿಯವನ ಪಾಠ

ಮಂಡ್ಯದ ಗುತ್ತಲು ರಸ್ತೆ ಕಡೆ ನನ್ನದೊಂದು ಗುಜರಿ ಅಂಗಡಿ. 22 ವರ್ಷದಿಂದ ಇದೇ ಕೆಲಸ. ಹಳೇ ಪೇಪರ್, ರಟ್ಟು, ಕಬ್ಬಿಣ, ಹಿತ್ತಾಳೆ, ತಾಮ್ರ, ಸತ್ತ ಬ್ಯಾಟರಿ. ಮಾಲನ್ನು ಕೈಯಲ್ಲಿ ಹಿಡಿದರೆ ಸಾಕು, ಎಲ್ಲಿಂದ ಬಂದದ್ದು ಅಂತ ಅರ್ಧ ಗೊತ್ತಾಗಿಬಿಡುತ್ತದೆ. ಹಾಗೆ ಗೊತ್ತಾಗಿಯೂ ಸುಮ್ಮನಿದ್ದದ್ದಕ್ಕೆ ನಾನು ಕೋರ್ಟು ಮೆಟ್ಟಿಲು ಹತ್ತಿದೆ.

2024ರ ಆಗಸ್ಟ್. ಸಂಜೆ ಏಳೂವರೆ ದಾಟಿತ್ತು, ಶೆಟರ್ ಅರ್ಧ ಇಳಿಸಿದ್ದೆ. ಬೈಕಿನಲ್ಲಿ ಇಬ್ಬರು ಹುಡುಗರು ಬಂದರು, ನಡುವೆ ಒಂದು ಯೂರಿಯಾ ಚೀಲ. ಒಬ್ಬನದು ನೋಡಿದ ಮುಖ. ಅವನ ಅಪ್ಪ ನನಗೆ ಹಳೇ ಪೈಪು ಹಾಕುತ್ತಿದ್ದವರು. ಚೀಲ ಬಿಚ್ಚಿದರೆ ತಾಮ್ರದ ತಂತಿ. 'ಮನೆ ವೈರಿಂಗ್ ಬಿಚ್ಚಿಸಿದ್ವಿ ಅಣ್ಣ' ಅಂದ.

ಮನೆ ವೈರಿಂಗ್ ತಂತಿ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ವಾ? ಅದು ತೆಳ್ಳಗಿರುತ್ತದೆ, ತುಂಡು ತುಂಡಾಗಿರುತ್ತದೆ, ಸ್ವಿಚ್ ಬಾಕ್ಸಿನಲ್ಲಿ ಬಾಗಿದ ಕೊಕ್ಕೆ ಹಾಗೇ ಉಳಿದಿರುತ್ತದೆ. ಮೇಲೆ ಕೆಂಪು, ಹಳದಿ, ಕಪ್ಪು ಪ್ಲಾಸ್ಟಿಕ್ ಇರುತ್ತದೆ. ನೆಟ್ಟಗೆ ಬಿಚ್ಚಿಸಿದವರು ಅದನ್ನು ಸುಡುವುದಿಲ್ಲ, ಹಾಗೇ ತರುತ್ತಾರೆ. ಇದು ಉದ್ದುದ್ದ ಇತ್ತು. ದಪ್ಪ ಎಳೆ. ಒಂದೇ ಕಟ್ಟರಿನಲ್ಲಿ ಒಂದೇ ಏಟಿಗೆ ಕತ್ತರಿಸಿದ ತುದಿ, ಇನ್ನೂ ಮಿಂಚುತ್ತಿತ್ತು. ಉಳಿದದ್ದೆಲ್ಲ ಮಸಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಚೀಲದ ತಳದಲ್ಲಿ ಒದ್ದೆ ಮಣ್ಣು, ಅದರಲ್ಲಿ ಎರಡು ಕಬ್ಬಿನ ಸೋಗೆ ಚೂರು. ಕಬ್ಬಿನ ಗದ್ದೆಯ ಬೋರ್‌ವೆಲ್ಲಿನ ಕೇಬಲ್ ಇದು ಅಂತ ಹೇಳೋಕೆ ಇನ್ನೇನು ಬೇಕಿತ್ತು?

ತೂಕ ಹಾಕಿದೆ. 11 ಕಿಲೋ 400 ಗ್ರಾಂ. ಅವತ್ತಿನ ದರಕ್ಕಿಂತ ಕಿಲೋಗೆ 200 ರೂಪಾಯಿ ಕಡಿಮೆ ಹೇಳಿದೆ. ಹುಡುಗರು ತುಟಿ ಬಿಚ್ಚಲಿಲ್ಲ. ನಮ್ಮೂರಲ್ಲಿ 2 ರೂಪಾಯಿಗೂ ಅರ್ಧ ಗಂಟೆ ಚೌಕಾಸಿ ಮಾಡುವ ಜನ. ತಾಮ್ರಕ್ಕೆ 200 ಬಿಟ್ಟುಕೊಟ್ಟರೆ ಏನರ್ಥ? ನಾನು ಕೇಳಲಿಲ್ಲ. ಕೈಗೆ ನೋಟು ಕೊಟ್ಟೆ. ಪುಸ್ತಕದಲ್ಲಿ ಬರೆಯಲಿಲ್ಲ.

ಒಂಬತ್ತನೇ ದಿನ ಪೊಲೀಸರು ಬಂದರು. ಹಿಂದೆಯೇ ಆ ಹುಡುಗ.

ಅಲ್ಲಿಂದ ಒಂದು ವರ್ಷಕ್ಕೂ ಜಾಸ್ತಿ ಅಲೆದಾಡಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಜರಿಯವರಿಗೆ ಮಾತ್ರ ಅಲ್ಲ. ಸೆಕೆಂಡ್ ಹ್ಯಾಂಡ್ ಮೊಬೈಲ್ ಅಂಗಡಿಯವರು, ಗೂಡ್ಸ್ ಆಟೋ ಓಡಿಸುವವರು, 'ಒಂದು ರಾತ್ರಿ ಈ ಬ್ಯಾಗ್ ಇಟ್ಕೊಳೋ ಮಗ' ಅಂತ ಸ್ನೇಹಿತ ಹೇಳಿದರೆ ಇಟ್ಟುಕೊಳ್ಳುವವರು, ಎಲ್ಲರಿಗೂ. ನಾನು ವಕೀಲ ಅಲ್ಲ. ನಿಮ್ಮ ಮೇಲೆ ಕೇಸು ಬಿದ್ದಿದ್ದರೆ ಇದನ್ನು ಓದಿ ಮುಗಿಸಿ ವಕೀಲರ ಹತ್ತಿರ ಹೋಗಿ.

ನೀವು ಯಾವಾಗ ಸೇರಿಕೊಂಡಿರಿ?

ಕಳ್ಳನ ಜೊತೆಗಾರ ಅಂದರೆ ಪಕ್ಕದಲ್ಲಿ ನಿಂತು ಕದ್ದವನು ಅಂತಲೇ ನಾನೂ ಅಂದುಕೊಂಡಿದ್ದೆ. ಕಾನೂನಿನ ಲೆಕ್ಕ ಬೇರೆ. ಕಳ್ಳತನಕ್ಕೆ ಮೊದಲೇ ಸೇರಿದಿರಾ, ನಡೆಯುವಾಗ ಇದ್ದಿರಾ, ಮುಗಿದ ಮೇಲೆ ಕೈ ಹಾಕಿದಿರಾ ಅಂತ ನೋಡಿ, ಅದಕ್ಕೆ ತಕ್ಕ ಕಲಂ ಹಾಕುತ್ತಾರೆ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೇ ಐಪಿಸಿಯೇ ಅನ್ವಯ. ಠಾಣೆಯಲ್ಲಿ, ಕೋರ್ಟಿನ ಕಟ್ಟೆ ಮೇಲೆ ಇನ್ನೂ '379', '411' ಅನ್ನುವವರೇ ಜಾಸ್ತಿ. ಕಳ್ಳತನದ 379 ಈಗ 303 ಆಗಿದೆ. ಕದ್ದ ಮಾಲು ಕೊಳ್ಳುವ 411 ಈಗ 317 ಆಗಿದೆ. ಎರಡು ನಂಬರ್ ಕೇಳಿ ಎರಡು ಕೇಸು ಅಂತ ಗಾಬರಿಯಾಗಬೇಡಿ. ನಾನು ಆಗಿದ್ದೆ.

ಮೊದಲೇ ಸೇರಿದರೆ ಅದು ಕುಮ್ಮಕ್ಕು, ಕಲಂ 45. ಮೂರು ದಾರಿಯಲ್ಲಿ ಆಗುತ್ತದೆ. 'ಹೋಗಿ ತನ್ನಿ, ನಾನು ತಗೋತೀನಿ' ಅಂತ ಹೇಳಿ ಕೆಣಕಿದರೆ ಒಂದು. ಕೂತು ಪ್ಲಾನ್ ಮಾಡಿ, ಅದರಂತೆ ಕೆಲಸ ನಡೆದರೆ ಎರಡು. ಬೇಕಂತಲೇ ನೆರವು ಕೊಟ್ಟರೆ ಮೂರು: ಕಟ್ಟರ್ ಕೊಡುವುದು, ತೋಟದ ಮಾಲೀಕ ಯಾವಾಗ ಇರುವುದಿಲ್ಲ ಅಂತ ಹೇಳಿಕೊಡುವುದು. ಅದರಿಂದ ಕಳ್ಳತನ ನಡೆದರೆ ಕದ್ದವನಿಗೆ ಇರುವ ಶಿಕ್ಷೆಯೇ ನಿಮಗೂ, ಅದು ಕಲಂ 49. ನಡೆಯದೇ ಹೋದರೂ ಬಚಾವಲ್ಲ. ಕಲಂ 56ರಲ್ಲಿ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗದವರೆಗೆ ಇದೆ. ಇದರಲ್ಲಿ ಗುಜರಿಯವರಿಗೆ ಒಂದು ಗುಂಡಿ ಇದೆ. ಹುಡುಗರಿಗೆ ಮುಂಗಡ ದುಡ್ಡು ಕೊಟ್ಟು 'ತಾಮ್ರ ಸಿಕ್ಕರೆ ನನಗೇ ತನ್ನಿ' ಅನ್ನುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಆ ತಾಮ್ರ ಕದ್ದದ್ದಾದರೆ, ಮುಂಗಡ ಕೊಟ್ಟ ಆ ಮಾತಿಗೆ ಪೊಲೀಸರು ಏನು ಅರ್ಥ ಕೊಡುತ್ತಾರೆ ಅಂತ ಒಮ್ಮೆ ಯೋಚನೆ ಮಾಡಿ.

ನಡೆಯುವಾಗ ಇದ್ದರೆ ಕಲಂ 3(5). ಎಲ್ಲರ ಉದ್ದೇಶ ಒಂದೇ ಆಗಿದ್ದರೆ ಒಬ್ಬ ಮಾಡಿದ್ದು ಎಲ್ಲರೂ ಮಾಡಿದಂತೆ. 'ನಾನು ಬರೀ ಬೈಕ್ ಸ್ಟಾರ್ಟ್ ಮಾಡ್ಕೊಂಡು ನಿಂತಿದ್ದೆ ಸಾರ್' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಆದರೆ ಉದ್ದೇಶ ಗೊತ್ತಿಲ್ಲದೆ, ಡ್ರಾಪ್ ಕೇಳಿದರು ಅಂತ ಕೂರಿಸಿಕೊಂಡು ಹೋದವನು ಇದರಲ್ಲಿ ಬರುವುದಿಲ್ಲ. ಸುಮ್ನೆ ಅಲ್ಲಿದ್ದ ಅನ್ನುವುದೊಂದೇ ಅಪರಾಧ ಅಲ್ಲ.

ಮುಗಿದ ಮೇಲೆ ಕೈ ಹಾಕಿದರೆ ಕಲಂ 317. ನಾನು ಬಿದ್ದದ್ದು ಇದರಲ್ಲಿ. ಕದ್ದದ್ದು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದು, ಮೋಸದಿಂದ ತೆಗೆದುಕೊಂಡರೂ ಇಟ್ಟುಕೊಂಡರೂ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬಚ್ಚಿಡಲು, ಸಾಗಿಸಲು, ಮಾರಲು ನೆರವಾದವನಿಗೂ ಅಷ್ಟೇ. ಗೂಡ್ಸ್ ಆಟೋದವರು ಇದನ್ನು ಎರಡು ಸಲ ಓದಿ. ಕದ್ದ ಮಾಲು ಕೊಳ್ಳುವುದನ್ನೇ ರೂಢಿ ಮಾಡಿಕೊಂಡವನಿಗೆ ಮಾತ್ರ ಲೆಕ್ಕ ಬೇರೆ. 10 ವರ್ಷದವರೆಗೆ, ಅಥವಾ ಜೀವಾವಧಿ. ಕದ್ದವನಿಗೆ 3 ವರ್ಷ, ಕೊಂಡು ಕೊಂಡು ರೂಢಿಯಾದವನಿಗೆ ಜೀವಾವಧಿ! ಮೊದಲ ಸಲ ವಕೀಲರು ಹೇಳಿದಾಗ ನಾನು ನಂಬಲಿಲ್ಲ. ಪುಸ್ತಕ ತೆಗೆದು ತೋರಿಸಿದರು.

ಕದ್ದವನಿಗೆ ಎಷ್ಟು?

ಸಾದಾ ಕಳ್ಳತನಕ್ಕೆ ಕಲಂ 303ರಲ್ಲಿ 3 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಒಮ್ಮೆ ಶಿಕ್ಷೆಯಾದವನು ಮತ್ತೆ ಅದೇ ಕೆಲಸಕ್ಕೆ ಸಿಕ್ಕಿಬಿದ್ದರೆ ಕನಿಷ್ಠ 1 ವರ್ಷ ಕಠಿಣ ಸಜೆ, 5 ವರ್ಷದವರೆಗೂ ಹೋಗಬಹುದು, ಜೊತೆಗೆ ದಂಡ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲದ ತಪ್ಪಾಗಿದ್ದು, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಇದು ಹೊಸ ಕಾನೂನಿನಲ್ಲಿ ಬಂದದ್ದು. ನಮ್ಮ ಕೇಸಿನ ತಾಮ್ರ 5,000ದ ಗೆರೆ ಎಂದೋ ದಾಟಿತ್ತು.

ಎಲ್ಲಿಂದ ಕದ್ದರು ಅನ್ನುವುದರ ಮೇಲೆ ಶಿಕ್ಷೆ ಏರುತ್ತದೆ. ಮನೆಯೊಳಗಿಂದ ಕದ್ದರೆ, ದೇವಸ್ಥಾನದ ವಿಗ್ರಹ ಕದ್ದರೆ, ಸರ್ಕಾರದ ಅಥವಾ ನಗರಸಭೆಯ ಸ್ವತ್ತು ಕದ್ದರೆ ಕಲಂ 305, 7 ವರ್ಷದವರೆಗೆ. ಚರಂಡಿಯ ಕಬ್ಬಿಣದ ಮುಚ್ಚಳ ಅಂದರೆ ನಗೆಪಾಟಲು ಅನಿಸಬಹುದು, ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಕೆಲಸದವನು ಯಜಮಾನನ ಮಾಲು ಕದ್ದರೆ 306, ಅದಕ್ಕೂ 7 ವರ್ಷ. ಸರ ಕಿತ್ತುಕೊಂಡು ಓಡುವುದಕ್ಕೆ ಈಗ 304 ಅಂತ ಪ್ರತ್ಯೇಕ ಕಲಂ ಇದೆ. ನಮ್ಮ ಕಡೆಗೆ ಕರೆಂಟು ಕೊಡುವ ಚೆಸ್ಕಾಂ ಕಂಪನಿಯ ಲೈನಿನ ಅಲ್ಯೂಮಿನಿಯಂ ತಂತಿಯ ವಿಷಯ ಬಂದರೆ 2003ರ ವಿದ್ಯುತ್ ಕಾಯ್ದೆಯೂ ಸೇರುತ್ತದೆ, ಕದ್ದವನಿಗೆ 136, ಕೊಂಡವನಿಗೆ 137. ಆ ತಂತಿ ಕಂಡರೆ ನಾನು ಈಗ ತಕ್ಕಡಿಯ ಹತ್ತಿರಕ್ಕೂ ಬಿಡುವುದಿಲ್ಲ.

'ನನಗೇನು ಗೊತ್ತು' ಅನ್ನುವ ಮಾತು

ಕಳ್ಳನಿಗೊಂದು ಪಿಳ್ಳೆ ನೆವ ಅಂತಾರೆ. ಕೊಳ್ಳುವವನ ನೆವ ಇದು: ನನಗೇನು ಗೊತ್ತು? ನಾನೂ ಠಾಣೆಯಲ್ಲಿ ಇದನ್ನೇ ಹೇಳಿದೆ. ನಿಜ ಹೇಳಬೇಕಂದರೆ, ಬಾಯಿಂದ ಬರುವಾಗಲೇ ಅದು ನನಗೇ ಸಪ್ಪೆ ಅನಿಸಿತು.

ಕಾನೂನು ಕೇಳುವುದು ಗೊತ್ತಿತ್ತಾ ಅಂತ ಮಾತ್ರ ಅಲ್ಲ. ನಂಬಲು ಕಾರಣ ಇತ್ತಾ ಅಂತಲೂ ಕೇಳುತ್ತದೆ. ನಿಮ್ಮ ತಲೆಯೊಳಗೆ ಏನಿತ್ತು ಅಂತ ಯಾರೂ ನೋಡಲಾಗದು. ಹಾಗಾಗಿ ಹೊರಗೆ ಕಾಣುವುದನ್ನು ನೋಡುತ್ತಾರೆ. ಬೆಲೆ ಎಷ್ಟು ಕಡಿಮೆ? ಎಷ್ಟು ಹೊತ್ತಿಗೆ ತಂದರು? ಸುಟ್ಟ ತಂತಿ ಯಾಕೆ ಕೊಂಡೆ? ಬಿಲ್ಲು, ಪುಸ್ತಕ ಯಾಕಿಲ್ಲ? ಇದರ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ, ಅಂದರೆ ಹೊಸ ಸಾಕ್ಷ್ಯ ಕಾಯ್ದೆಯ ಕಲಂ 119. ಕಳುವಾದ ಸ್ವಲ್ಪ ದಿನದಲ್ಲೇ ಮಾಲು ನಿಮ್ಮ ಹತ್ತಿರ ಸಿಕ್ಕಿ, ಅದು ಹೇಗೆ ಬಂತು ಅಂತ ನೀವು ಸರಿಯಾಗಿ ಹೇಳದಿದ್ದರೆ, ನೀವೇ ಕಳ್ಳ ಅಥವಾ ಗೊತ್ತಿದ್ದೇ ಕೊಂಡವನು ಅಂತ ಕೋರ್ಟು ಭಾವಿಸಬಹುದು. ನನ್ನ ಶೆಡ್ಡಿನಲ್ಲಿ ಇನ್ನೂ 3 ಕಿಲೋ ಉಳಿದಿತ್ತು. ಮಿಕ್ಕದ್ದು ಮೈಸೂರಿನ ವ್ಯಾಪಾರಿಗೆ ಹೋಗಿತ್ತು.

ಅದಕ್ಕೇ ಪುಸ್ತಕ. ಈಗ ನನ್ನ ಹತ್ತಿರ ತಾಮ್ರ, ಹಿತ್ತಾಳೆ, ಮೋಟಾರು, ಬ್ಯಾಟರಿ ತಂದವರ ಹೆಸರು, ಊರು, ಫೋನ್ ನಂಬರ್, ಬೈಕ್ ನಂಬರ್ ಬರೆಯುತ್ತೇನೆ. ಗುರುತಿನ ಚೀಟಿಯ ಫೋಟೋ ತೆಗೆಯುತ್ತೇನೆ. ತೂಕ, ದರ, ಹೊತ್ತು ಬರೆದು ಅವರ ಕೈಯಲ್ಲೇ ರುಜು ಹಾಕಿಸುತ್ತೇನೆ. ದುಡ್ಡು ಆದಷ್ಟು ಫೋನ್‌ಪೇಯಲ್ಲಿ. ಮಾಲಿನದೊಂದು ಫೋಟೋ, ತಕ್ಕಡಿಯ ಅಂಕಿ ಕಾಣುವ ಹಾಗೆ. ಎಲ್ಲ ಸೇರಿ ಮೂರು ನಿಮಿಷದ ಕೆಲಸ. ನಿಯತ್ತಿನವರು ಗೊಣಗಿಕೊಂಡೇ ರುಜು ಹಾಕುತ್ತಾರೆ. 'ಗುರುತಿನ ಚೀಟಿ ಬೈಕಲ್ಲಿದೆ, ತರ್ತೀನಿ ಅಣ್ಣ' ಅಂತ ಹೋಗಿ ತಿರುಗಿ ಬಾರದವರೂ ಇದ್ದಾರೆ. ಹೋಗಲಿ ಬಿಡಿ. ಸುಟ್ಟ ತಾಮ್ರ ಮಾತ್ರ ಯಾರೇ ತರಲಿ, ನನಗೆ ಬೇಡ.

ಒಂದು ಎಚ್ಚರಿಕೆ. ಪೊಲೀಸರು ಬಂದ ಮೇಲೆ ಹಳೇ ತಾರೀಖು ಹಾಕಿ ಪುಸ್ತಕ ಬರೆಯಲು ಹೋಗಬೇಡಿ. ನಮ್ಮ ಬೀದಿಯಲ್ಲೇ ಒಬ್ಬರು ನನಗೆ ಈ ಸಲಹೆ ಕೊಟ್ಟರು. ಅದು ಸುಳ್ಳು ಸಾಕ್ಷ್ಯ ಹುಟ್ಟಿಸಿದ ಇನ್ನೊಂದು ಕೇಸಾಗುತ್ತದೆ.

ಮೊಬೈಲ್ ಕೊಳ್ಳುವವರಿಗೆ ಕೆಲಸ ಇನ್ನೂ ಸುಲಭ. ಆ ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳುವಾದದ್ದು ಅಂತ ಬ್ಲಾಕ್ ಆಗಿದ್ದರೆ ತಿಳಿಯುತ್ತದೆ. ಬಂದ ಉತ್ತರದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಳೇ ಬೈಕಾದರೆ ಆರ್‌ಸಿ ನೋಡಿ, ಚಾಸಿಸ್ ನಂಬರನ್ನು ಬೈಕಿನ ಮೇಲೇ ಓದಿ ತಾಳೆ ಮಾಡಿ. 'ಆರ್‌ಸಿ ಆಮೇಲೆ ಕೊಡ್ತೀನಿ' ಅಂದರೆ ದುಡ್ಡೂ ಆಮೇಲೆ.

ಕೊಂಡ ಮೇಲೆ ಗೊತ್ತಾದರೆ

ಜನ ಜಾಸ್ತಿ ತಪ್ಪು ಮಾಡುವುದು ಇಲ್ಲೇ. ಕೊಳ್ಳುವಾಗ ನಿಜವಾಗಿಯೂ ಗೊತ್ತಿರಲಿಲ್ಲ, ನಾಲ್ಕು ದಿನ ಬಿಟ್ಟು ಪಕ್ಕದ ಊರಲ್ಲಿ ಕೇಬಲ್ ಹೋಯ್ತಂತೆ ಅಂತ ಸುದ್ದಿ ಬಂತು ಅಂದುಕೊಳ್ಳಿ. ಆ ಕ್ಷಣದಿಂದ ನಿಮ್ಮ ಲೆಕ್ಕ ಬದಲಾಯಿತು. ಗೊತ್ತಾದ ಮೇಲೂ ಇಟ್ಟುಕೊಂಡರೆ ಅದೂ 317ಕ್ಕೇ ಬರುತ್ತದೆ. ಬೇಗ ಬೇರೆಯವರಿಗೆ ಸಾಗಿಸಿದರೆ ಸಾಗಿಸಿದ ತಪ್ಪು. ತಂದವನಿಗೇ ವಾಪಸ್ ಕೊಟ್ಟು 'ನನ್ನ ಹೆಸರು ಹೇಳಬೇಡ' ಅಂದರೆ ಬಚ್ಚಿಡಲು ನೆರವು ಕೊಟ್ಟಂತೆ. ಕರಗಿಸಿದರೆ, ಸುಟ್ಟರೆ ಸಾಕ್ಷ್ಯ ನಾಶ, ನ್ಯಾಯ ಸಂಹಿತೆಯ ಕಲಂ 238.

ಉಳಿದಿರುವುದು ಒಂದೇ ದಾರಿ. ಮಾಲು ಮುಟ್ಟದೆ ಬದಿಗಿಡಿ, ಫೋಟೋ ತೆಗೆಯಿರಿ, ಪುಸ್ತಕ ಹಿಡಿದು ನೀವೇ ಠಾಣೆಗೆ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ. ಯಾವಾಗ ಕೊಂಡೆ, ಯಾರಿಂದ, ಎಷ್ಟಕ್ಕೆ, ಅನುಮಾನ ಬಂದದ್ದು ಯಾವಾಗ ಅಂತ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋಗಲು ಭಯವಾದರೆ ವಕೀಲರ ಜೊತೆ ಹೋಗಿ. ಕೊಟ್ಟ ದುಡ್ಡು ಹೋಯಿತು ಅಂತ ಬಿಟ್ಟುಬಿಡಿ.

ಮಗ ಕದ್ದಿದ್ದಾನೆ ಅಂತ ಗೊತ್ತಾದ ಮನೆಯವರಿಗೂ ಒಂದು ಮಾತು. ಕಲಂ 249 ಪ್ರಕಾರ ಅಪರಾಧಿಯನ್ನು ಶಿಕ್ಷೆಯಿಂದ ತಪ್ಪಿಸಲು ಬಚ್ಚಿಟ್ಟುಕೊಳ್ಳುವುದೂ ಅಪರಾಧ. ವಿನಾಯಿತಿ ಇರುವುದು ಗಂಡ ಅಥವಾ ಹೆಂಡತಿಗೆ ಮಾತ್ರ. ಹೆತ್ತ ತಾಯಿಗೆ ಇಲ್ಲ. ಆ ಹುಡುಗನ ಅವ್ವ ಅವನನ್ನು ಎರಡು ದಿನ ಅಕ್ಕನ ಮನೆಯಲ್ಲಿ ಇರಿಸಿದ್ದರಂತೆ. ಪೊಲೀಸರು ಅದನ್ನು ಬೆಳೆಸಲಿಲ್ಲ, ಅವರ ಅದೃಷ್ಟ.

ಠಾಣೆಯಿಂದ ಕರೆ ಬಂದರೆ

ಮೊದಲು ಕೇಳಬೇಕಾದದ್ದು: ನಾನು ಸಾಕ್ಷಿಯೋ, ಆರೋಪಿಯೋ? ಶಿಕ್ಷೆ 7 ವರ್ಷದೊಳಗಿನ ಕೇಸಾದರೆ ತಕ್ಷಣ ಹಿಡಿಯಬೇಕು ಅಂತಿಲ್ಲ. ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಲ್ಲಿ ಹಾಜರಾಗಿ ಅಂತ ನೋಟಿಸ್ ಕೊಡುತ್ತಾರೆ. ನನಗೂ ಅದೇ ಬಂತು. ಆ ನೋಟಿಸ್ ಬಂದರೆ ಅಡಗಿಕೊಳ್ಳಬೇಡಿ. ಹೇಳಿದ ದಿನ ಹೋದರೆ ಸಾಮಾನ್ಯವಾಗಿ ಬಂಧಿಸುವಂತಿಲ್ಲ, ಬಂಧಿಸಬೇಕಾದರೆ ಕಾರಣ ಬರೆದಿಡಬೇಕು. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗುತ್ತದೆ.

ಬಂಧಿಸಿದರೆ ಯಾಕೆ ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ವಿಚಾರಣೆ ನಡೆಯುವಾಗ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಆದರೆ ನೀವು ಹೇಳಿದ್ದರಿಂದ ಮಾಲು ಸಿಕ್ಕರೆ, ಆ ಮಾಲಿಗೆ ಸಂಬಂಧಿಸಿದ ಮಾತಿನಷ್ಟು ನಡೆಯುತ್ತದೆ. ಅಂಗಡಿ ಶೋಧಿಸಿ ಮಾಲು ತೆಗೆದುಕೊಂಡು ಹೋಗುವಾಗ ವಿಡಿಯೋ ಮಾಡಬೇಕು ಅಂತ ಅದೇ ಸುರಕ್ಷಾ ಸಂಹಿತೆಯ ಕಲಂ 105 ಹೇಳುತ್ತದೆ. ಮಹಜರು ಓದದೆ ರುಜು ಹಾಕಬೇಡಿ. ನನ್ನದರಲ್ಲಿ ಮೊದಲು 5 ಕಿಲೋ ಅಂತ ಬರೆದಿದ್ದರು. ನನ್ನ ತಕ್ಕಡಿಯಲ್ಲೇ ಮತ್ತೆ ತೂಗಿಸಿದೆ, 3 ಕಿಲೋ 150 ಗ್ರಾಂ ಆಯಿತು, ತಿದ್ದಿದರು. ಪಟ್ಟಿಯ ಪ್ರತಿ ಕೇಳಿ ಪಡೆದೆ.

'ಇಷ್ಟು ಕೊಡಿ, ನಿಮ್ಮ ಹೆಸರು ತೆಗೆಸ್ತೀನಿ' ಅಂತ ಠಾಣೆ ಹೊರಗಿನ ಟೀ ಅಂಗಡಿಯಲ್ಲಿ ಒಬ್ಬರು ಸಿಗುತ್ತಾರೆ. ಟೀ ಕುಡಿದು ಎದ್ದು ಬನ್ನಿ.

ವಕೀಲರಿಗೆ ದುಡ್ಡಿಲ್ಲ ಅನ್ನುವವರು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವೆಗಳ ಕಚೇರಿಗೆ ಹೋಗಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟಿದ್ದರೂ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. 18 ತುಂಬದ ಹುಡುಗರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ, ಮಾಮೂಲಿ ಜೈಲಿಗೆ ಹಾಕುವಂತಿಲ್ಲ.

ಜೊತೆಗಾರರಲ್ಲಿ ಒಬ್ಬ ಇನ್ನೊಬ್ಬನ ವಿರುದ್ಧ ಸಾಕ್ಷಿ ಹೇಳಬಹುದು. ಅವನ ಮಾತೊಂದನ್ನೇ ನಂಬುವುದಿಲ್ಲ, ಬೇರೆ ಪುರಾವೆಯೂ ತಾಳೆಯಾಗಬೇಕು. ನನ್ನ ಮಟ್ಟಿಗೆ ಆ ಪುರಾವೆ ಶೆಡ್ಡಿನಲ್ಲೇ ಬಿದ್ದಿತ್ತು.

ರಾಜಿ

ಸಾದಾ ಕಳ್ಳತನಕ್ಕೂ ಕದ್ದ ಮಾಲು ಕೊಂಡದ್ದಕ್ಕೂ ಮಾಲಿನ ಒಡೆಯ ಒಪ್ಪಿದರೆ ರಾಜಿಗೆ ಕಾನೂನಿನಲ್ಲೇ ಜಾಗ ಇದೆ. ಠಾಣೆಯಲ್ಲಿ ಕೈ ಕುಲುಕಿದರೆ ಅದು ರಾಜಿ ಅಲ್ಲ, ಕೇಸು ಹಾಗೇ ಇರುತ್ತದೆ. ಕೋರ್ಟಿನ ಮುಂದೆ ಆಗಬೇಕು. ನಮ್ಮದು ಲೋಕ ಅದಾಲತ್‌ನಲ್ಲಿ ಮುಗಿಯಿತು. ಹಾಗೆ ಮುಗಿದರೆ ಖುಲಾಸೆ ಆದಂತೆಯೇ ಲೆಕ್ಕ.

ಅದಕ್ಕೂ ಮೊದಲು ನಾನು ಆ ರೈತರ ಮನೆಗೆ ಮೂರು ಸಲ ಹೋಗಿದ್ದೆ. ಮೊದಲ ಸಲ ಒಳಗೆ ಕರೆಯಲಿಲ್ಲ. ಎರಡನೇ ಸಲ ಗದ್ದೆಗೆ ಕರೆದುಕೊಂಡು ಹೋಗಿ ಬೋರ್‌ವೆಲ್ ತೋರಿಸಿದರು. ಕೇಬಲ್ ಕೊಯ್ದ ಮೇಲೆ ಹೊಸದು ಹಾಕಿಸುವವರೆಗೆ 11 ದಿನ ಮೋಟಾರು ನಿಂತಿತ್ತು. ಹೊಸದಾಗಿ ನೆಟ್ಟ ಕಬ್ಬಿನಲ್ಲಿ ಒಂದು ಪಟ್ಟೆ ಅಷ್ಟುದ್ದಕ್ಕೂ ಹಳದಿಯಾಗಿ ಹೋಗಿತ್ತು. 'ನೀವು ತಗೊಳಲ್ಲ ಅಂದಿದ್ರೆ ಅವರು ಕೊಯ್ತಾನೇ ಇರಲಿಲ್ಲ ಕಣಣ್ಣ' ಅಂದರು. ಬಯ್ಯಲಿಲ್ಲ, ಸುಮ್ನೆ ಅಂದರು. ಹೊಸ ಕೇಬಲ್ಲಿನ ದುಡ್ಡು, ಮೋಟಾರು ಎತ್ತಿ ಇಳಿಸಿದ ಕೂಲಿ ನಾನು ಕೊಟ್ಟೆ. ಹುಡುಗರ ಮನೆಯವರು ಅವರ ಪಾಲು ಕಂತಿನಲ್ಲಿ ಕೊಟ್ಟರು.

ಹೋದ ತಿಂಗಳು ಅದೇ ರೈತರು ಸುಟ್ಟುಹೋದ ಹಳೇ ಮೋಟಾರೊಂದನ್ನು ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದರು. ತೂಕ ಹಾಕಿದೆ. ಪುಸ್ತಕ ಮುಂದಿಟ್ಟೆ. 'ನಂಗೂನಾ?' ಅಂದರು. 'ನಿಮಗೂ' ಅಂದೆ. ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ರುಜು ಹಾಕಿದರು.